ಬ್ರೇಕಕ್ಕನ ಕಾರಿಗೆ ಬಂದ ದಪ್ಪ ಸೈಲೆನ್ಸರ್

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೆ. ಕಲಿಯುವವರು ಎಡವಟ್ಟು ಮಾಡಿದಾಗ ಒತ್ತಲೆಂದು ಇರುವ ಆ ಎರಡನೆಯ ಬ್ರೇಕನ್ನು, ಕಾರು ಕಲಿಸುವುದೇ ಕೆಲಸವಾಗಿದ್ದ ಅವಳು ಎಡವಟ್ಟು ಆಗುವ ಮೊದಲೇ ಒತ್ತುತ್ತಿದ್ದಳು. ಎದುರಿಗೆ ಬರುವ ಸೈಕಲ್ಲಿನವನ ಮುಖ ನೋಡಿದರೆ ಸಾಕು, ಇವನು ಅಡ್ಡ ಬರುತ್ತಾನೆ ಎಂದು ಅವಳಿಗೆ ಅನ್ನಿಸಿಬಿಡುತ್ತಿತ್ತು. ನಿಂತ ಲಾರಿಯನ್ನೂ ಅವಳು ನಂಬುತ್ತಿರಲಿಲ್ಲ. ಹೀಗಾಗಿ ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ಅವಳನ್ನು ಬ್ರೇಕಕ್ಕ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಮೊದಲು ಹಾಗೆ ಕರೆದವರು ಯಾರು ಎಂಬ ಬಗ್ಗೆ ಅವಳಿಗೆ ಎರಡು ಮೂರು ಜನರ ಮೇಲೆ ಗುಮಾನಿಯೂ ಇತ್ತು.

ಅನುಮಾನ ಅವಳ ಹುಟ್ಟುಗುಣ. ಔಷಧದ ಅಂಗಡಿಯವನು ಕೊಟ್ಟ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ತಾರೀಖು ಓದಿದ ಮೇಲೆಯೇ ಚೀಲಕ್ಕೆ ಹಾಕುವಳು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು ಹೋಗಿ, ಮತ್ತೆ ಹತ್ತಿ ಬಂದು ಎಳೆಯುವಳು. ಅವಳ ಗಂಡ ಕನ್ನಡಕದ ಅಂಗಡಿಯೊಂದರಲ್ಲಿ ಗಾಜನ್ನು ನಂಬರಿಗೆ ತಕ್ಕಂತೆ ಉಜ್ಜುವ ಕೆಲಸದವನು, ತಣ್ಣನೆಯ ಮನುಷ್ಯ. "ನಮ್ಮನೆಯವಳು ತಲೆ ಬಾಚೋಕೆ ಕನ್ನಡಿ ಮುಂದೆ ನಿಂತ್ರೂ ಹಿಂದೆ ಯಾರಿದ್ದಾರೆ ಅಂತ ಮೊದಲು ನೋಡ್ತಾಳೆ" ಎಂದು ಅವನು ಸ್ನೇಹಿತರಲ್ಲಿ ಹೇಳಿಕೊಂಡು ನಗುತ್ತಿದ್ದ. ಆದರೆ ಅವಳ ಕೆಲಸಕ್ಕೆ ಈ ಗುಣ ಹೇಳಿ ಮಾಡಿಸಿದಂತಿತ್ತು. ಎಷ್ಟೋ ವರ್ಷಗಳಿಂದ, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದ ನೂರಾರು ಜನರ ಕೈಗೆ ಆ ಸಣ್ಣ ನೀಲಿ ಕಾರನ್ನು ಕೊಟ್ಟಿದ್ದರೂ ಅದು ಯಾರಿಗೂ ತಾಗಿರಲಿಲ್ಲ.

ಅವಳು ಕಲಿಸುತ್ತಿದ್ದ ರೀತಿಯೇ ಬೇರೆ. "ಕಣ್ಣು ರಸ್ತೆ ಮೇಲಿರ್ಲಿ, ಕಿವಿ ಇಂಜಿನ್ ಮೇಲಿರ್ಲಿ. ಗೊಣಗಿದ್ರೆ ಗೇರ್ ಇಳಿಸಿ, ಕಿರುಚಿದ್ರೆ ಏರಿಸಿ. ಆ ಮೀಟರ್ ನೋಡ್ಬೇಡಿ, ಅದು ಸುಳ್ಳು ಹೇಳತ್ತೆ" ಎನ್ನುವಳು. ಮೀಟರು ನಿಜಕ್ಕೂ ಸುಳ್ಳು ಹೇಳುತ್ತಿತ್ತೋ ಇಲ್ಲವೋ, ಅವಳ ಕೈಯಲ್ಲಿ ಕಲಿತವರು ಕಣ್ಣು ಕೆಳಗಿಳಿಸದೆ ಗೇರು ಬದಲಾಯಿಸುತ್ತಿದ್ದರು ಎಂಬುದಂತೂ ಸತ್ಯ.

ಒಂದು ಬೆಳಿಗ್ಗೆ ಕಾರು ಶುರುವಾದದ್ದೇ ಕರ್ಕಶವಾಗಿ ಒದರತೊಡಗಿತು. ಬಗ್ಗಿ ನೋಡಿದರೆ ಹಿಂದಿನ ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ತಳ ಉದುರಿಹೋಗಿತ್ತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಅವಳು ಅವರ ಕಡೆ ನೋಡಲಿಲ್ಲ. ಹೋದ ವಾರ ಕಸದ ಬುಟ್ಟಿಯ ವಿಚಾರವಾಗಿ ಮಾತು ನಿಂತಿತ್ತು.

ಅವಳ ಬೆನ್ನಿಗೆ ಬಿದ್ದ ತಮ್ಮನದು ದೊಡ್ಡ ರಸ್ತೆಯಲ್ಲಿ ಕಾರಿನ ಅಲಂಕಾರದ ಅಂಗಡಿ. ಸೀಟಿನ ಕವರು, ಬಣ್ಣದ ದೀಪ, ತರಹೇವಾರಿ ಹಾರ್ನು, ಗೋಡೆಯ ತುಂಬ ಹೊಳೆಯುವ ಕೊಳವೆಗಳು. ಮಾತಿನ ಮಲ್ಲ. ಸುದ್ದಿ ತಿಳಿದ ಕೂಡಲೇ ಫೋನು ಮಾಡಿದ.

"ಅಕ್ಕಾ, ಇಷ್ಟು ವರ್ಷ ಆದ್ರೂ ನನ್ನ ಅಂಗಡಿಯಿಂದ ಕಾಲೊರೆಸೋ ಮ್ಯಾಟೂ ತಗೊಂಡವಳಲ್ಲ ನೀನು. ಈ ಸಲ ಸೈಲೆನ್ಸರ್ ನಾನು ಹಾಕಿಸ್ತೀನಿ. ನನ್ನ ಕಡೆಯಿಂದ."

"ಯಾಕೆ?"

"ಯಾಕೆ ಅಂದ್ರೆ? ಅಕ್ಕ ಅಲ್ವಾ ನೀನು?"

"ಅಕ್ಕ ನಾನು ನಿನ್ನೆ ಮೊನ್ನೆ ಆಗಿಲ್ಲವಲ್ಲ. ಈಗ ಯಾಕೆ?"

ಗಂಡ ನಡುವೆ ಬಾಯಿ ಹಾಕಿ, "ಒಳ್ಳೇ ಮನಸ್ಸಿಂದ ಕೊಡ್ತಿದ್ದಾನೆ, ಇಸ್ಕೊಳೇ" ಎಂದು ಒಪ್ಪಿಸಿದ. ಸಂಜೆಯ ಹೊತ್ತಿಗೆ ತಮ್ಮನೇ ಕಾರು ಓಡಿಸಿಕೊಂಡು ಮನೆಗೆ ತಂದ. ಹಿಂದೆ ಬಂಪರಿನ ಕೆಳಗೆ ದೊಡ್ಡ ಲೋಟದಷ್ಟು ದಪ್ಪ ಬಾಯಿಯ ಸೈಲೆನ್ಸರ್ ಫಳಫಳ ಹೊಳೆಯುತ್ತಿತ್ತು. ನಡುವಿನಿಂದ ಹಿಂದಿನವರೆಗೆ ಪೈಪನ್ನೂ ದಪ್ಪದ್ದನ್ನೇ ಹಾಕಿದ್ದರು.

"ಇಷ್ಟು ಸಣ್ಣ ಕಾರಿಗೆ ಇಷ್ಟು ದಪ್ಪದ್ದು ಯಾಕೋ?"

"ದಪ್ಪ ಇದ್ದಷ್ಟೂ ಇಂಜಿನ್ ಸಲೀಸಾಗಿ ಉಸಿರಾಡತ್ತೆ ಅಕ್ಕಾ. ಪವರ್ ನೋಡು ಈಗ!"

ಅವಳು ಮಂಡಿಯೂರಿ ಸೈಲೆನ್ಸರಿನ ಮೈ ಸವರಿದಳು. ಹೊಳಪಿನ ಅಡಿಯಲ್ಲಿ ಒಂದು ಹಳೆಯ ಗೀರು ಬೆರಳಿಗೆ ಸಿಕ್ಕಿತು. ಯಾರೋ ಉಜ್ಜಿ ಪಾಲಿಶ್ ಮಾಡಿ ಮುಚ್ಚಿದ್ದರು. ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ, "ಹೊಸದಲ್ಲ ರೀ ಅದು" ಎಂದಳು.

"ನಿನಗೆ ಈಗಷ್ಟೇ ಹುಟ್ಟಿದ ಮಗುನೂ ಹೊಸದಾಗಿ ಕಾಣಲ್ಲ" ಎಂದ ಅವನು.

ಮರುದಿನದಿಂದ ಕಾರಿನ ಧ್ವನಿಯೇ ಬದಲಾಯಿತು. ನಿಂತಾಗ ಗಂಟಲು ಕಟ್ಟಿದ ಗೂಳಿಯ ಹಾಗೆ ಗುರುಗುಟ್ಟುತ್ತಿತ್ತು. ಸ್ವಲ್ಪ ವೇಗ ಹಿಡಿದರೆ ಸಾಕು, ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್ ಎಂಬ ಮೊರೆತ ಕಾರಿನೊಳಗೆಲ್ಲ ತುಂಬಿಕೊಂಡು ಕಿವಿ ಜುಮ್ಮೆನ್ನುತ್ತಿತ್ತು. ಪವರಂತೂ ಬಂದಿರಲಿಲ್ಲ. ನೀರಿನ ಟ್ಯಾಂಕಿನ ಬಳಿಯ ಏರಿನಲ್ಲಿ ಅವಳು ಎಲ್ಲರಿಗೂ ಕ್ಲಚ್ಚಿನ ಪಾಠ ಮಾಡುತ್ತಿದ್ದಳು. ಮೊನ್ನೆಯವರೆಗೆ ಆ ಏರನ್ನು ಸಲೀಸಾಗಿ ಹತ್ತುತ್ತಿದ್ದ ಕಲಿಕೆಯವರೆಲ್ಲ ಈಗ ಅರ್ಧಕ್ಕೇ ಇಂಜಿನ್ ಆರಿಸಿಕೊಂಡು ಪೆಚ್ಚಾಗಿ ಕೂರತೊಡಗಿದರು. ಗೊಣಗುವುದೂ ಕಿರುಚುವುದೂ ಒಂದೇ ಮೊರೆತದಲ್ಲಿ ಕಲಸಿಹೋಗಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಸದ್ದು ತಡೆಯಲಾರದೆ ಅವಳು ಎಲ್ಲ ಕಿಟಕಿಗಳ ಗಾಜನ್ನೂ ಏರಿಸಿದಳು.

ಆಮೇಲೆ ಶುರುವಾದದ್ದು ತಲೆನೋವು.

ಮೊದಲು ಅವಳ ಅನುಮಾನ ಹೋದದ್ದು ಗಂಡನ ಮೇಲೆ. "ನನ್ನ ಕನ್ನಡಕ ನೀವೇ ಉಜ್ಜಿದ್ದು. ನಂಬರ್ ತಪ್ಪಿದೆ" ಎಂದಳು. ಅವನು ಕನ್ನಡಕವನ್ನು ಅಂಗಡಿಗೆ ಒಯ್ದು, ಅಳೆಯುವ ಯಂತ್ರದಲ್ಲಿಟ್ಟು ನೋಡಿ, ಒರೆಸಿ ವಾಪಸು ತಂದುಕೊಟ್ಟ. "ಕೂದಲೆಳೆಯಷ್ಟೂ ತಪ್ಪಿಲ್ಲ. ಬೇಕಾದ್ರೆ ಇನ್ನೊಂದು ಅಂಗಡೀಲಿ ನೋಡಿಸ್ಕೋ." ಅವಳು ನಿಜವಾಗಿಯೂ ಇನ್ನೊಂದು ಅಂಗಡಿಯಲ್ಲಿ ನೋಡಿಸಿದಳು. ಅವನಿಗೆ ಅದು ಗೊತ್ತಾದರೂ ಗೊತ್ತಿಲ್ಲದವನಂತಿದ್ದ.

ಕನ್ನಡಕ ತಪ್ಪಿಸಿಕೊಂಡ ಮೇಲೆ ಪೆಟ್ರೋಲ್ ಬಂಕಿನವನ ಸರದಿ ಬಂತು. ಪೆಟ್ರೋಲಿಗೆ ಏನೋ ಬೆರೆಸುತ್ತಿದ್ದಾನೆ ಎಂದು ಬಂಕು ಬದಲಾಯಿಸಿದಳು. ಆಮೇಲೆ, ಕಲಿಯಲು ಬರುತ್ತಿದ್ದ ಬ್ಯಾಂಕಿನ ಹುಡುಗಿ ಹಾಕಿಕೊಳ್ಳುವ ಸೆಂಟು. ನಾಳೆಯಿಂದ ಹಾಕಿಕೊಳ್ಳಬೇಡಿ ಎಂದು ಮುಖದ ಮೇಲೆ ಹೇಳಿದಳು. ಹುಡುಗಿ ಮರುದಿನದಿಂದ ಬರಲೇ ಇಲ್ಲ. ತಲೆನೋವು ಮಾತ್ರ ತಪ್ಪದೆ ಬರುತ್ತಿತ್ತು.

ಆ ದಿನಗಳಲ್ಲಿ ಅವಳ ಬಳಿ ಕಲಿಯುತ್ತಿದ್ದವರಲ್ಲಿ ಒಬ್ಬರು ನಿವೃತ್ತ ನರ್ಸು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಓಡಾಡಿ, ಅರವತ್ತು ದಾಟಿದ ಮೇಲೆ ಸ್ಟೇರಿಂಗ್ ಹಿಡಿದವರು. ಬಿಳಿ ಕೂದಲು, ಗಟ್ಟಿ ಕೈ, ಗಡಿಬಿಡಿ ಎಂಬುದು ಗೊತ್ತಿಲ್ಲ. ಬ್ರೇಕಕ್ಕನಿಗೆ ಅವರ ಮೇಲೆ ಗೌರವ ಇದ್ದರೂ ಇತ್ತೀಚೆಗೆ ಅವರೂ ಪಾಠದ ನಡುವೆ ಆಕಳಿಸುವುದು, ಕೆನ್ನೆ ಕೆಂಪಾಗುವುದು ನೋಡಿ ಬೇರೆಯೇ ಯೋಚನೆ ಬರುತ್ತಿತ್ತು. ವಯಸ್ಸಾಯಿತು, ಮಾತ್ರೆ ಗೀತ್ರೆ ನುಂಗಿ ಬರುತ್ತಾರೋ ಏನೋ. ಕೇಳುವುದು ಹೇಗೆ?

ಒಂದು ಬೆಳಿಗ್ಗೆ ಟ್ಯಾಂಕಿನ ಏರಿನಲ್ಲಿ ನರ್ಸಮ್ಮ ಕಾರು ನಿಲ್ಲಿಸಿ ಮತ್ತೆ ಹೊರಡಬೇಕಿತ್ತು. ಇಂಜಿನ್ ಕೆಮ್ಮಿ ಆರಿತು. ಕಾರು ಹಿಂದಕ್ಕೆ ಜಾರತೊಡಗಿತು. ನರ್ಸಮ್ಮನ ಕಾಲು ಬ್ರೇಕಿಗಾಗಿ ತಡಕಾಡಿತು. ಹಿಂದೆ ಒಬ್ಬ ಹೆಂಗಸು ಹೂಕುಂಡಗಳ ಕೈಗಾಡಿ ತಳ್ಳಿಕೊಂಡು ಏರು ಹತ್ತುತ್ತಿದ್ದಳು. ಬ್ರೇಕಕ್ಕ ಕನ್ನಡಿಯಲ್ಲಿ ಅವಳನ್ನು ನೋಡಿದಳು, ನೋಡುತ್ತಲೇ ಇದ್ದಳು. ಒತ್ತಬೇಕು ಎಂದು ತಲೆಗೆ ಹೊಳೆದರೂ ಆ ಮಾತು ಕಾಲಿಗೆ ತಲುಪಲು ತಡವಾಯಿತು. ಹೆಂಗಸು ಕಿರುಚಿದ ಮೇಲೆ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು.

ಕೈಗಾಡಿಯವಳು ಬಾಯಿಗೆ ಬಂದಂತೆ ಬೈದು ಪಕ್ಕದಿಂದ ಮುಂದೆ ಹೋದಳು. ಬ್ರೇಕಕ್ಕ ತನ್ನ ಕಾಲನ್ನೇ ನೋಡುತ್ತ ಕೂತಳು. ಇಷ್ಟು ವರ್ಷಗಳಲ್ಲಿ ತನ್ನ ಕಾಲು ತಡ ಮಾಡಿದ್ದು ಇದೇ ಮೊದಲು.

ನರ್ಸಮ್ಮ ಕಾರನ್ನು ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದರು. "ಕೆಳಗಿಳೀರಿ ಮೇಡಂ."

"ಯಾಕೆ?"

"ಮೊದಲು ಇಳೀರಿ, ಆಮೇಲೆ ಹೇಳ್ತೀನಿ."

ಇಬ್ಬರೂ ಟ್ಯಾಂಕಿನ ಮೋಟುಗೋಡೆಯ ಮೇಲೆ ಕೂತರು. ಗಾಳಿ ಬೀಸುತ್ತಿತ್ತು. ನರ್ಸಮ್ಮ ಕೇಳಿದರು, "ನಿಮಗೂ ತಲೆ ನೋಯ್ತಿದೆ ಅಲ್ವಾ? ಇಲ್ಲ ಅನ್ಬೇಡಿ. ಹಣೆ ಒತ್ತಿಕೊಳ್ತಿದ್ದದ್ದು ನೋಡ್ದೆ."

"ಇದೆ. ನಿಮಗೆ ಯಾಕೆ ಆ ಪ್ರಶ್ನೆ?"

"ನನಗೂ ಇದೆ. ಇಲ್ಲಿಗೆ ಬರೋವಾಗ ಇರಲ್ಲ, ನಿಮ್ಮ ಕಾರಲ್ಲಿ ಕೂತ್ಮೇಲೆ ಬರತ್ತೆ, ಮನೆಗೆ ಹೋಗೋ ಹೊತ್ತಿಗೆ ಬಿಟ್ಟುಹೋಗತ್ತೆ. ಇಬ್ಬರಿಗೂ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋಗೋ ಕಾಯಿಲೆ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಕಾರಿಂದು."

ಬ್ರೇಕಕ್ಕ ತಿರುಗಿ ಕಾರನ್ನು ನೋಡಿದಳು.

"ಹೊಗೆ ಒಳಗೆ ಬರ್ತಿದೆ" ಎಂದರು ನರ್ಸಮ್ಮ. "ಹೊಗೆ ಅಂದ್ರೆ ಕಣ್ಣಿಗೆ ಕಾಣೋದು, ಮೂಗಿಗೆ ಬಡಿಯೋದು ಅಷ್ಟೇ ಅಲ್ಲ. ವಾಸನೆ ಇಲ್ಲದ ವಿಷಾನೂ ಅದರಲ್ಲಿರತ್ತೆ. ಮೊದಲು ಮಂಕು ಕವಿಸತ್ತೆ, ಆಮೇಲೆ ಮಲಗಿಸತ್ತೆ. ಅಂಥವರನ್ನ ಆಸ್ಪತ್ರೆಗೆ ಹೊತ್ತು ತಂದದ್ದು ನೋಡಿದ್ದೀನಿ. ಇವತ್ತಿಂದ ಇದನ್ನ ರಿಪೇರಿ ಮಾಡಿಸೋವರೆಗೂ ನಾನು ಹತ್ತಲ್ಲ. ನೀವೂ ಯಾರನ್ನೂ ಹತ್ತಿಸ್ಬೇಡಿ."

ಬೇರೆಯವರಾಗಿದ್ದರೆ ನೇರ ಗ್ಯಾರೇಜಿಗೆ ಹೋಗುತ್ತಿದ್ದರು. ಬ್ರೇಕಕ್ಕನ ತಲೆ ಮಾತ್ರ ಗೀರು ಮುಚ್ಚಿದ ಆ ಸೈಲೆನ್ಸರಿನ ಕಡೆ ಓಡಿತು. ಅಲ್ಲಿಂದ ಇನ್ನೂ ಮುಂದಕ್ಕೆ. ಕಾರಿನ ಅಡಿಯಲ್ಲಿ ಹೊಗೆ ಶುದ್ಧ ಮಾಡುವ ಒಂದು ಡಬ್ಬಿ ಇರುತ್ತದೆಂದೂ, ಅದರೊಳಗಿನ ಲೋಹಕ್ಕೆ ಬಂಗಾರದ ಬೆಲೆ ಇರುವುದರಿಂದ ಅದನ್ನು ಕದ್ದು ಬರಿಯ ಪೈಪು ಬೆಸೆದು ಕಳಿಸುವವರಿದ್ದಾರೆಂದೂ ಅವಳು ಎಲ್ಲೋ ಕೇಳಿದ್ದಳು. ಈಗ ಎಲ್ಲವೂ ಕೂಡಿ ಬಂತು. ಬಿಟ್ಟಿ ಸೈಲೆನ್ಸರ್ ಯಾಕೆ ಕೊಟ್ಟ? ಡಬ್ಬಿ ತೆಗೆದುಕೊಳ್ಳಲು. ಡಬ್ಬಿ ಹೋಯಿತು, ಹೊಗೆ ವಿಷವಾಯಿತು. ಒಡಹುಟ್ಟಿದವನೇ!

ನರ್ಸಮ್ಮನನ್ನು ಬಸ್ಸಿಗೆ ಹತ್ತಿಸಿ, ಕಾರಿನ ಎಲ್ಲ ಗಾಜನ್ನೂ ಪೂರ್ತಿ ಇಳಿಸಿ, ತಮ್ಮನ ಅಂಗಡಿಗೆ ಬಂದಳು. ಅಂಗಡಿ ತುಂಬ ಗಿರಾಕಿಗಳಿದ್ದರು. ತಮ್ಮನ ಹೆಂಡತಿ ಗಲ್ಲಾದಲ್ಲಿ ಕೂತಿದ್ದಳು. "ಬನ್ನಿ ಅತ್ತಿಗೆ" ಎಂದವಳ ಮುಖ ಇವಳ ಮುಖ ಕಂಡು ಸಪ್ಪಗಾಯಿತು.

"ನನ್ನ ಕಾರಿನ ಡಬ್ಬಿ ಎಲ್ಲೋ?"

"ಯಾವ ಡಬ್ಬಿ ಅಕ್ಕಾ?" ತಮ್ಮ ಒಂದು ಹಾರ್ನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

"ಹೊಗೆ ಶುದ್ಧ ಮಾಡೋ ಡಬ್ಬಿ. ತೆಗೆದು ಎಲ್ಲಿಟ್ಟಿದ್ದೀಯ?"

"ನಾನ್ಯಾಕೆ ಅದನ್ನ ಮುಟ್ಲಿ?"

"ಮುಟ್ಟದೆ ಇದ್ರೆ ಈ ಹೊಗೆ ಎಲ್ಲಿಂದ ಬಂತು? ಇವತ್ತು ಒಬ್ಬಳ ಜೀವ ಹೋಗ್ತಿತ್ತು! ಮತ್ತೆ ಆ ಸೈಲೆನ್ಸರ್. ಹೊಸದಾ ಅದು? ನನ್ನ ಕಣ್ಣು ನೋಡಿ ಹೇಳು."

ತಮ್ಮ ಕಣ್ಣು ನೋಡಲಿಲ್ಲ. ಹಾರ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಗಿರಾಕಿ ವಾಪಸ್ ಕೊಟ್ಟಿದ್ದು. ಸದ್ದು ಜಾಸ್ತಿ ಅಂತ. ಹಾಳಾಗಿರಲಿಲ್ಲ ಅಕ್ಕಾ. ಸುಮ್ನೆ ಬಿದ್ದಿತ್ತು, ನಿನಗಾದ್ರೂ ಆಗ್ಲಿ ಅಂತ..."

"ಕೇಳಿದ್ರಾ!" ಎಂದು ಅವಳು ಗಿರಾಕಿಗಳ ಕಡೆ ತಿರುಗಿದಳು. "ಅಕ್ಕನಿಗೆ ವಾಪಸ್ ಬಂದ ಮಾಲು ಕೊಟ್ಟವನು ಅಕ್ಕನ ಕಾರಿಂದ ಏನು ತೆಗೀಲಿಕ್ಕಿಲ್ಲ?"

"ನಾನು ಕಳ್ಳ ಅಂತೀಯಾ?"

"ತೆಗೆದೆ ಅಂದೆ. ಕದ್ದೆ ಅಂತ ನಾನು ಹೇಳ್ಲಿಲ್ಲ."

"ಎರಡಕ್ಕೂ ಏನು ವ್ಯತ್ಯಾಸ ಅಕ್ಕಾ?"

ಅವನ ಧ್ವನಿ ಬಿದ್ದುಹೋಗಿತ್ತು. ಅವಳು ಅದನ್ನೂ ತಪ್ಪೊಪ್ಪಿಗೆ ಎಂದೇ ತಿಳಿದು, ಬಾಗಿಲು ದಾಟಿ ಹೊರಟುಬಿಟ್ಟಳು.

ರೈಲ್ವೆ ಗೇಟಿನ ಆಚೆ ಒಬ್ಬ ವೆಲ್ಡರ್ ಇದ್ದ. ಸೈಲೆನ್ಸರ್ ಕೆಲಸ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ತಗಡಿನ ಶೆಡ್ಡು, ನೆಲದಲ್ಲಿ ಉದ್ದನೆಯ ಗುಂಡಿ, ಗೋಡೆಗೆ ಒರಗಿಸಿದ ತುಕ್ಕು ಪೈಪುಗಳು. ಬ್ರೇಕಕ್ಕ ಅವನಿಗೆ ಕಾರು ಒಪ್ಪಿಸಿ ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟಾರ್ಚು ಹಿಡಿದು, ಅವನ ಹಿಂದೆಯೇ ಗುಂಡಿಗೆ ಇಳಿದಳು.

"ಮೇಡಂ, ಬಟ್ಟೆ ಕೊಳೆಯಾಗತ್ತೆ."

"ಆಗ್ಲಿ. ನೀವು ಏನೇನು ಮಾಡ್ತೀರೋ ಅದು ನನ್ನ ಕಣ್ಣ ಮುಂದೆನೇ ಆಗ್ಬೇಕು."

ಮೇಸ್ತ್ರಿ ನಕ್ಕ. ಶೆಡ್ಡಿನ ಹುಡುಗನಿಂದ ಇಂಜಿನ್ ಚಾಲೂ ಮಾಡಿಸಿ, ಹಿಂದಿನ ಬಾಯಿಗೆ ಮಡಿಸಿದ ಒದ್ದೆ ಗೋಣಿ ಒತ್ತಿ ಹಿಡಿಸಿ, ಪೈಪಿನ ಕೀಲುಗಳಿಗೆ ಸೋಪಿನ ನೀರು ಬಳಿದ. ದಪ್ಪ ಪೈಪು ಹಳೆಯ ಸಣ್ಣ ಪೈಪಿಗೆ ಸೇರುವ ಕಡೆ ಬುರುಬುರು ನೊರೆ ಎದ್ದಿತು. "ಇಲ್ಲಿ ಸೋರ್ತಿದೆ. ಸಣ್ಣದಕ್ಕೆ ದಪ್ಪದ್ದು ಕೂರಿಸೋಕೆ ತಗಡು ಸುತ್ತಿ ಬೆಸುಗೆ ಹಾಕಿದ್ದಾರೆ, ಸರಿಯಾಗಿ ಹಿಡಿದಿಲ್ಲ." ಆಮೇಲೆ ಹಿಂದಕ್ಕೆ ಸರಿದು ತೋರಿಸಿದ. ಸೈಲೆನ್ಸರ್ ದೊಡ್ಡದಾದ್ದರಿಂದ ಅದರ ಬಾಲವನ್ನು ಮೊಟಕು ಮಾಡಿದ್ದರು. ಅದರ ಬಾಯಿ ಬಂಪರಿನಿಂದ ಹೊರಗೆ ಬರದೆ ಕಾರಿನ ಅಡಿಯಲ್ಲೇ ನಿಂತಿತ್ತು. ಡಿಕ್ಕಿಯ ಬಾಗಿಲಿನ ರಬ್ಬರು ಅಲ್ಲಿಗೆ ಸರಿಯಾಗಿ ಹರಿದಿತ್ತು. "ಹೊಗೆ ಹೊರಗೆ ಹೋಗೋ ಬದಲು ಇಲ್ಲಿಂದ ಒಳಗೆ ನುಗ್ಗತ್ತೆ. ಗಾಜು ಏರಿಸಿದ್ರೆ ಹೊರಗೆ ಹೋಗೋ ದಾರಿನೇ ಇಲ್ಲ."

"ಅದಿರ್ಲಿ. ಹೊಗೆ ಶುದ್ಧ ಮಾಡೋ ಡಬ್ಬಿ ಹೋಗಿದೆಯಲ್ಲ, ಅದನ್ನ ಹೇಳಿ."

"ಎಲ್ಲಿಗೆ ಹೋಗತ್ತೆ?" ಮೇಸ್ತ್ರಿ ಗುಂಡಿಯ ಮುಂದಿನ ತುದಿಗೆ ನಡೆದು, ಇಂಜಿನ್ನಿಗೆ ಅಂಟಿಕೊಂಡಂತೆ ಇದ್ದ ತಗಡಿನ ಹೊದಿಕೆಯ ಕಡೆ ಬೆಳಕು ಬಿಟ್ಟ. "ಇಲ್ಲೇ ಇದೆಯಲ್ಲ. ನಿಮ್ಮ ಕಾರಲ್ಲಿ ಅದು ಮುಂದೆನೇ ಇರೋದು. ಸೈಲೆನ್ಸರ್ ಹಾಕೋರು ಇತ್ತ ಬರೋದೇ ಇಲ್ಲ."

"ನನ್ನದನ್ನ ತೆಗೆದು ಬೇರೆ ಯಾವುದೋ ಡಬ್ಬಿ ಹಾಕಿರಬಹುದು."

"ಈ ಬೋಲ್ಟು ನೋಡಿ. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಹೋಗಿವೆ. ಕಾರು ಹುಟ್ಟಿದಾಗಿಂದ ಇದಕ್ಕೆ ಸ್ಪ್ಯಾನರ್ ಮುಟ್ಟಿಲ್ಲ."

ಅವಳು ಬೋಲ್ಟನ್ನು ಉಗುರಿನಿಂದ ಕೆರೆದಳು. ತುಕ್ಕಿನ ಪುಡಿ ಮುಖದ ಮೇಲೆ ಉದುರಿತು. ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಗುಂಡಿಯಲ್ಲೇ ನಿಂತುಬಿಟ್ಟಳು. ನಾನು ಕಳ್ಳ ಅಂತೀಯಾ ಎಂದು ಅಂಗಡಿಯಲ್ಲಿ ತಮ್ಮ ಕೇಳಿದ ಪ್ರಶ್ನೆ ಆಗ ಅವಳ ಕಿವಿಗೆ ಹೊಸದಾಗಿ ಬಿತ್ತು.

ಆದರೂ ಕಾರು ಸರಿಯಾಗಬೇಕಿತ್ತು.

"ಯಾವ ಸೈಜ್ ಹಾಕ್ತೀರಿ?" ಎಂದು ಕೇಳಿದಳು.

"ನಿಮ್ಮದು ಸಣ್ಣ ಇಂಜಿನ್. ಅದು ಬಿಡೋ ಹೊಗೆ ಇಷ್ಟೇ" ಎಂದು ಮೇಸ್ತ್ರಿ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದ. "ದಪ್ಪ ಕೊಳವೆಗೆ ಬಿಟ್ರೆ ಹೊಗೆ ಸೋಮಾರಿಯಾಗತ್ತೆ. ಮುಂದಿನ ಹೊಗೆ ವೇಗವಾಗಿ ಹೊರಟ್ರೆ ಹಿಂದಿನದನ್ನೂ ಎಳ್ಕೊಂಡು ಹೋಗತ್ತೆ. ಆ ಎಳೆತ ಹೋದ್ರೆ ಏರಲ್ಲಿ ಕಾರು ಸಾಯತ್ತೆ. ದೊಡ್ಡ ಇಂಜಿನ್ನಿಗೆ ದಪ್ಪ ಸರಿ. ಇದಕ್ಕಲ್ಲ."

ಕೇಳಲು ಸರಿಯಾಗೇ ಇತ್ತು. ಕೇಳಲು ತಮ್ಮನ ಮಾತೂ ಸರಿಯಾಗೇ ಇತ್ತಲ್ಲ ಎಂದು ಅವಳಿಗೆ ಅನ್ನಿಸಿತು. ಮೇಸ್ತ್ರಿ ಗೋಡೆಯ ಬದಿಯಿಂದ ಒಂದು ಕಿರಿದಾದ ಪೈಪನ್ನೂ ಉದ್ದನೆಯ ಸೈಲೆನ್ಸರ್ ಡಬ್ಬಿಯನ್ನೂ ತಂದು ಹಾಕಿದ. ಸಾಧಾರಣವಾಗಿ ಎಲ್ಲ ಸಣ್ಣ ಕಾರುಗಳಿಗೂ ತಾನು ಇದನ್ನೇ ಹಾಕುವುದು ಎಂದ. "ಡಬ್ಬಿಯೊಳಗೆ ಅಡ್ಡಗೋಡೆ ಇವೆ. ಹೊಗೆ ಸುತ್ತಿ ಬಳಸಿ ಹೋಗೋದ್ರಲ್ಲಿ ಸದ್ದು ಸತ್ತುಹೋಗತ್ತೆ."

ಸದ್ದು ನಿಜವಾಗಿಯೂ ಸತ್ತಿತು. ಎಷ್ಟೆಂದರೆ, ಮಾರನೆಯ ದಿನ ಕಲಿಯಲು ಬಂದವರು ಇಂಜಿನ್ ಚಾಲೂ ಇದೆಯೋ ಇಲ್ಲವೋ ತಿಳಿಯದೆ ಮತ್ತೆ ಮತ್ತೆ ಕೀಲಿ ತಿರುಗಿಸಿ ಕರ್ರ್ ಎನ್ನಿಸಿದರು. ಏರನ್ನೇನೋ ಕಾರು ಹತ್ತಿತು. ಆದರೆ ಊರಾಚೆಯ ನೇರ ರಸ್ತೆಯಲ್ಲಿ ಬ್ರೇಕಕ್ಕ ತಾನೇ ಓಡಿಸಿ ನೋಡಿದಾಗ, ವೇಗ ಏರಿಸುತ್ತ ಹೋದಂತೆ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತೆ ಕಾರು ತಡೆಯಿತು. ಎಷ್ಟು ಒತ್ತಿದರೂ ಮುಂದೆ ಹೋಗಲೊಲ್ಲದು. ಅವಳು ನೇರ ಶೆಡ್ಡಿಗೆ ಬಂದಳು.

"ನೀವೂ ನಿಮ್ಮ ಹತ್ರ ಬಿದ್ದಿದ್ದನ್ನೇ ಹಾಕಿದ್ದೀರಿ. ಇದಕ್ಕೆ ಉಸಿರು ಕಟ್ತಿದೆ."

ಮೇಸ್ತ್ರಿ ವಾದ ಮಾಡಲಿಲ್ಲ. ತಾನೇ ಒಂದು ಸುತ್ತು ಹೋಗಿ ಬಂದು ತಲೆ ಕೆರೆದುಕೊಂಡ. "ಹೌದು ಮೇಡಂ, ಇನ್ನೂ ಚಿಕ್ಕ ಇಂಜಿನ್ನಿನ ಪೈಪು ಇದು. ಊರೊಳಗೆ ಓಡಾಡೋರಿಗೆ ಗೊತ್ತಾಗಲ್ಲ, ಯಾರೂ ಬಂದು ಹೇಳಿರಲಿಲ್ಲ. ನಿಮ್ಮ ಹಳೇ ಪೈಪು ಎಲ್ಲಿದೆ? ಅದು ಸಿಕ್ಕಿದ್ರೆ ಅಳತೆ ಹಿಡೀಬಹುದು."

ಹಳೆಯದು ತಮ್ಮನ ಅಂಗಡಿಯಲ್ಲಿತ್ತು.

ಆ ರಾತ್ರಿ ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು ನಗಲಿಲ್ಲ. "ಫೋನಲ್ಲಿ ಹೇಳ್ಬೇಡ. ಎಲ್ಲರ ಮುಂದೆ ಅಂದಿದ್ದೀಯ, ಎಲ್ಲರ ಮುಂದೆನೇ ಹೇಳು" ಎಂದಷ್ಟೇ ಅಂದು ದೀಪ ಆರಿಸಿದ.

ಬೆಳಿಗ್ಗೆ ಅಂಗಡಿಯಲ್ಲಿ ಜನ ಸೇರುವವರೆಗೆ ಅವಳು ಎದುರಿನ ರಸ್ತೆಯಲ್ಲಿ ಕಾರಿನೊಳಗೇ ಕಾದಳು. ಆಮೇಲೆ ಒಳಗೆ ಹೋಗಿ ಗಲ್ಲಾದ ಮುಂದೆ ನಿಂತಳು. ತಮ್ಮ ಮುಖ ತಿರುಗಿಸಿಕೊಂಡು ಒಂದು ದೀಪದ ಪೆಟ್ಟಿಗೆ ಬಿಚ್ಚುತ್ತಿದ್ದ.

"ಮೊನ್ನೆ ಇಲ್ಲಿ ಬಂದು ಇವನು ನನ್ನ ಕಾರಿನ ಡಬ್ಬಿ ತೆಗೆದಿದ್ದಾನೆ ಅಂದಿದ್ದೆ" ಎಂದಳು ಗಟ್ಟಿಯಾಗಿ. "ಡಬ್ಬಿ ಕಾರಲ್ಲೇ ಇದೆ. ಇವನು ಮುಟ್ಟಿಲ್ಲ. ನಂದು ತಪ್ಪು. ನನ್ನ ತಮ್ಮ ಅಂಥವನಲ್ಲ."

ತಮ್ಮನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಲ್ಲಿಗೆ ಮಾತು ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಬ್ರೇಕಕ್ಕ ಪೂರ್ತಿ ಲೆಕ್ಕ ಒಪ್ಪಿಸದೆ ಬಿಡುವವಳಲ್ಲ.

"ಆದ್ರೆ ಸೈಲೆನ್ಸರ್ ಮಾತ್ರ ಸರಿ ಇರಲಿಲ್ಲ. ಸಣ್ಣ ಕಾರಿಗೆ ಅಷ್ಟು ದಪ್ಪದ್ದು ಹಾಕ್ಲೇಬಾರದು. ಏರಲ್ಲಿ ಎಳೆಯಲ್ಲ, ತಲೆ ಗುಂಯ್ ಅನ್ನತ್ತೆ."

ಗೋಡೆಯ ಬಳಿ ಒಬ್ಬ ಗಿರಾಕಿ ಅಂಥದೇ ಹೊಳೆಯುವ ಸೈಲೆನ್ಸರನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ. ಹೊರಗೆ ಅವನ ಕಾರು ಕಾಣುತ್ತಿತ್ತು; ಬ್ರೇಕಕ್ಕನ ಕಾರಿಗಿಂತಲೂ ಚಿಕ್ಕದು. ಅವನು ಅವಳನ್ನು ನೋಡಿದ, ತಮ್ಮನನ್ನು ನೋಡಿದ, ಸೈಲೆನ್ಸರನ್ನು ಮೆಲ್ಲಗೆ ಕೊಕ್ಕೆಗೆ ತೂಗುಹಾಕಿ ಹೊರಗೆ ನಡೆದ.

"ಅಕ್ಕಾ!" ತಮ್ಮ ಹಣೆ ಚಚ್ಚಿಕೊಂಡ. "ನೀನು ಬೈದಾಗಲೂ ನನ್ನ ವ್ಯಾಪಾರ ಹೋಯ್ತು, ತಪ್ಪಾಯ್ತು ಅಂದಾಗಲೂ ಹೋಯ್ತು. ಮನೇಲೇ ಇದ್ದುಬಿಡಬಾರದಾ ನೀನು?"

ಯಾರೋ ಕಿಸಕ್ಕೆಂದು ನಕ್ಕರು. ತಮ್ಮನ ಹೆಂಡತಿಗೂ ನಗು ಬಂತು. ಅವನು ಮಾತ್ರ ನಗಲಿಲ್ಲ. ಒಳಗಿನ ಗೋದಾಮಿಗೆ ಹೋಗಿ ಅವಳ ಹಳೆಯ ಪೈಪನ್ನು ಹುಡುಕಿ ತಂದು ಕೈಗಿಟ್ಟ. ಬಾಗಿಲವರೆಗೆ ಬಂದು, ಅವಳ ಮುಖ ನೋಡದೆ ಕೇಳಿದ, "ನಿಜವಾಗ್ಲೂ ಹೊಗೆ ಒಳಗೆ ಬರ್ತಿತ್ತಾ?"

"ಬರ್ತಿತ್ತು."

"ನಂಗೊತ್ತಿರಲಿಲ್ಲ ಅಕ್ಕಾ."

"ಗೊತ್ತಿದ್ರೆ ಹಾಕ್ತಿರಲಿಲ್ಲ ನೀನು" ಎಂದಳು. ಹೇಳಿದ ಮೇಲೆ, ಆ ಮಾತನ್ನು ತಾನು ಪೂರ್ತಿಯಾಗಿ ನಂಬಿಯೇ ಹೇಳಿದೆ ಎಂದು ಅವಳಿಗೇ ಆಶ್ಚರ್ಯವಾಯಿತು.

ಮೇಸ್ತ್ರಿ ಹಳೆಯ ಪೈಪಿನ ಒಳ ಅಗಲ ಅಳೆದು, ಅದಕ್ಕೆ ಸರಿಸಮನಾದದ್ದನ್ನೇ ಹೊಸದಾಗಿ ಬಗ್ಗಿಸಿ ಹಾಕಿದ. ಸೈಲೆನ್ಸರ್ ಡಬ್ಬಿಯ ವಿಚಾರದಲ್ಲಿ ಇಬ್ಬರಿಗೂ ಜಗಳವೇ ಆಯಿತು. ಅವನು ಪೂರ್ತಿ ಸದ್ದಡಗಿಸುವುದನ್ನೇ ಹಾಕೋಣ ಎಂದ. ಅವಳು ಒಪ್ಪಲಿಲ್ಲ. "ಇಂಜಿನ್ ಮಾತಾಡೋದು ನನ್ನ ಕಲಿಕೆಯವರಿಗೆ ಕೇಳಿಸ್ಬೇಕು. ಕೂಗೋದೂ ಬೇಡ, ಬಾಯಿ ಮುಚ್ಕೊಂಡು ಇರೋದೂ ಬೇಡ." ಕೊನೆಗೆ ಒಳಗೆ ಒಂದೆರಡೇ ಅಡ್ಡಗೋಡೆ ಇರುವ ಮಧ್ಯಮದ ಡಬ್ಬಿ ಎಂದು ತೀರ್ಮಾನವಾಯಿತು. ಬಾಲವನ್ನು ಬಂಪರಿನ ಆಚೆಗೆ ಚಾಚಿಸಿದಳು, ಡಿಕ್ಕಿಗೆ ಹೊಸ ರಬ್ಬರು ಹಾಕಿಸಿದಳು, ಪ್ರತಿಯೊಂದು ಕೀಲಿಗೂ ಸೋಪಿನ ನೀರನ್ನು ತನ್ನ ಕೈಯಾರೆ ಬಳಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೊಮ್ಮೆ ಬಳಿದಳು.

ನರ್ಸಮ್ಮ ಬಂದು ಟ್ಯಾಂಕಿನ ಏರನ್ನು ಒಂದೇ ಸಲಕ್ಕೆ ಹತ್ತಿಸಿದರು. ಗಾಜು ಏರಿಸಿಕೊಂಡು ಊರೆಲ್ಲ ಸುತ್ತಿದ ಮೇಲೂ ಇಬ್ಬರ ತಲೆಯೂ ಹಗುರವಾಗಿತ್ತು. "ಈಗ ಕಾರು ಹುಷಾರಾಯ್ತು" ಎಂದರು ನರ್ಸಮ್ಮ, ರೋಗಿಯನ್ನು ಮನೆಗೆ ಕಳಿಸುವವರ ಧಾಟಿಯಲ್ಲಿ. ಮುಂದೆ ಅವರು ಪರೀಕ್ಷೆ ಪಾಸಾಗಿ, ಸ್ವಂತಕ್ಕೆ ಒಂದು ಸಣ್ಣ ಕಾರು ಕೊಂಡರು. ಬ್ಯಾಂಕಿನ ಹುಡುಗಿಯ ಮನೆಗೂ ಬ್ರೇಕಕ್ಕ ಹೋಗಿ ಬಂದಳು. ಸೆಂಟಿನ ತಪ್ಪಲ್ಲ ಎಂದು ಹೇಳಿದಳು. ಆ ಹುಡುಗಿ ಆಗಲೇ ಬೇರೆ ಕಡೆ ಸೇರಿದ್ದಳು. ಕಾಫಿ ಕೊಟ್ಟು ಕಳಿಸಿದಳೇ ಹೊರತು ವಾಪಸು ಬರಲಿಲ್ಲ.

ತಮ್ಮ ಬಹಳ ದಿನ ಫೋನು ಮಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗಿರಾಕಿಯೊಬ್ಬನ ಕಾರು ತಂದು ಅವಳ ಮನೆಯ ಮುಂದೆ ನಿಲ್ಲಿಸಿದ. ಇದಕ್ಕೆ ಸೈಲೆನ್ಸರ್ ಬೇಕಂತೆ, ನಿನ್ನ ಮೇಸ್ತ್ರಿಯ ಹತ್ತಿರ ಅಳತೆ ಮಾಡಿಸಿ ಎರಡು ಥರದ್ದು ತಂದಿದ್ದೇನೆ, ಮೊದಲನೆಯದನ್ನು ಹಾಕಿದ್ದೇನೆ, ಕೂತು ಕೇಳಿ ಹೇಳು ಎಂದ. ಇಬ್ಬರೂ ಏರಿನವರೆಗೆ ಹೋಗಿ ಬಂದರು. ಅವಳು ಕಣ್ಣು ಮುಚ್ಚಿ ಕೇಳಿದಳು, ಗಾಜು ಏರಿಸಿ ಕೇಳಿದಳು, ಇಳಿದು ಹಿಂದೆ ನಿಂತು ಕೇಳಿದಳು.

"ಇದೇ ಸರಿ ಇದೆ ಕಣೋ. ಇದನ್ನೇ ಇಡು."

ತಮ್ಮ ತಲೆ ಅಲ್ಲಾಡಿಸಿದ. "ನಿನ್ನ ಕಿವಿ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ ಅಕ್ಕಾ. ಇನ್ನೊಂದನ್ನೂ ಹಾಕಿಸ್ಕೊಂಡು ಬರ್ತೀನಿ, ಹೋಲಿಸಿ ನೋಡೋಣ."

ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. "ಬೇಗ ಬಾ. ಬಂದ್ಮೇಲೆ ಊಟ ಮಾಡೋಣ" ಎಂದಳು.